ಫುಲ್ ಸಸ್ಪೆನ್ಷನ್ ಎಂಟಿಬಿ ಕೊಳ್ಳುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸುತ್ತಮುತ್ತ, ಮಲೆನಾಡಿನಲ್ಲಿ, ಬಯಲುಸೀಮೆಯ ಗುಡ್ಡಗಳಲ್ಲಿ ಮಣ್ಣಿನ ದಾರಿ ತುಳಿಯುವವರಿಗೆ ಇದನ್ನು ಬರೆದಿದ್ದೇನೆ. ರೇಸ್ ಓಡಿಸುವವರಿಗಲ್ಲ, ಎರಡಾಳು ಎತ್ತರದಿಂದ ಹಾರುವವರಿಗೂ ಅಲ್ಲ. ಬೆಳಿಗ್ಗೆ ಗುಡ್ಡ ಹತ್ತಬೇಕು, ಇಳಿಯಬೇಕು, ನಡುವೆ ಕಲ್ಲು, ಬೇರು, ಮರಳು ಏನೇ ಬಂದರೂ ದಾಟಬೇಕು, ಊಟದ ಹೊತ್ತಿಗೆ ಮನೆ ಸೇರಬೇಕು. ಅಂಥವರಿಗೆ ಎಲ್ಲಕ್ಕೂ ಆಗುವ ಒಂದೇ ಫುಲ್ ಸಸ್ಪೆನ್ಷನ್ ಎಂಟಿಬಿ, ಅಂದರೆ ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ ಮೌಂಟನ್ ಬೈಕ್, ಯಾವುದು ಅನ್ನುವುದು ಇಲ್ಲಿನ ವಿಷಯ.

ನನಗೆ ನಿಜವಾಗಿ ಫುಲ್ ಸಸ್ಪೆನ್ಷನ್ ಬೇಕಾ?

ಬಹಳ ಜನಕ್ಕೆ ಬೇಕಿಲ್ಲ. ಭಾನುವಾರ ಟಾರ್ ರೋಡಲ್ಲಿ ನಂದಿಬೆಟ್ಟ ಹತ್ತಿ ಇಳಿಯುವುದು, ವಾರದ ದಿನ ಆಫೀಸಿಗೆ ಹೋಗುವುದು, ಆಗೊಮ್ಮೆ ಈಗೊಮ್ಮೆ ಕೆರೆ ಏರಿ ಮೇಲೆ ಒಂದು ಸುತ್ತು, ಇಷ್ಟೇ ಆದರೆ ಹಿಂದಿನ ಶಾಕ್ ಸುಮ್ನೆ ಹೊತ್ತುಕೊಂಡು ತಿರುಗುವ ಭಾರ. ಮುಂದೆ ಮಾತ್ರ ಶಾಕ್ (ಅದಕ್ಕೆ ಫೋರ್ಕ್ ಅನ್ನುತ್ತಾರೆ) ಇರುವ ಒಳ್ಳೆ ಹಾರ್ಡ್‌ಟೇಲ್ ಸಾಕು. ದುಡ್ಡೂ ಅರ್ಧಕ್ಕಿಂತ ಕಡಿಮೆ.

ಆದರೆ ತುರಹಳ್ಳಿ, ಅವತಿ ಬೆಟ್ಟ, ರಾಮನಗರದ ಬಂಡೆಗಳ ಕಡೆ ಮತ್ತೆ ಮತ್ತೆ ಹೋಗುತ್ತೀರಿ, ಇಳಿಜಾರಲ್ಲಿ ಹಿಂದಿನ ಚಕ್ರ ಕಲ್ಲಿಂದ ಕಲ್ಲಿಗೆ ನೆಗೆದು ಬ್ರೇಕ್ ಹಿಡಿತವೇ ಸಿಗುತ್ತಿಲ್ಲ, ಎರಡು ಗಂಟೆ ಓಡಿಸಿದ ಮೇಲೆ ಸೊಂಟ ಮಾತಾಡಲು ಶುರು ಮಾಡುತ್ತದೆ ಅಂದರೆ ಆಗ ಫುಲ್ ಸಸ್ಪೆನ್ಷನ್ನಿಗೆ ಅರ್ಥವಿದೆ. ಮುಖ್ಯ ಲಾಭ ಮೆತ್ತಗಿರುವುದಲ್ಲ, ಹಿಡಿತ. ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಹಾಗಾಗಿ ಕಲ್ಲುಗಳ ಮೇಲೆ ಹತ್ತುವಾಗಲೂ ಅದು ಉಪಯೋಗಕ್ಕೆ ಬರುತ್ತದೆ. ಇದು ಹಲವರಿಗೆ ಓಡಿಸಿ ನೋಡುವವರೆಗೆ ನಂಬಿಕೆಯಾಗುವುದಿಲ್ಲ.

ಅಂಗಡಿಯಲ್ಲಿ 15 ಸಾವಿರಕ್ಕೇ ಡಬಲ್ ಶಾಕ್ಸ್ ಸೈಕಲ್ ಇದೆಯಲ್ಲ, ಅದು ಆಗಲ್ವಾ?

ಆಗಲ್ಲ. ಅದರ ಹಿಂದೆ ಇರುವುದು ಬರೀ ಸ್ಪ್ರಿಂಗ್. ಒಳ್ಳೆ ಶಾಕಿನಲ್ಲಿ ಸ್ಪ್ರಿಂಗ್ ಕೆಲಸ ಗಾಳಿಯೋ, ಕಾಯಿಲ್ ಅನ್ನುವ ಲೋಹದ ಸುರುಳಿಯೋ ಮಾಡುತ್ತದೆ, ಅದರ ಜೊತೆ ಒಳಗೆ ಎಣ್ಣೆ ಸಣ್ಣ ತೂತುಗಳ ಮೂಲಕ ಹರಿದು ಆ ಸ್ಪ್ರಿಂಗ್ ಎಷ್ಟು ಬೇಗ ಒತ್ತಿಕೊಳ್ಳಬೇಕು, ಎಷ್ಟು ಬೇಗ ವಾಪಸ್ ಬರಬೇಕು ಅಂತ ತಡೆ ಹಿಡಿಯುತ್ತದೆ. ಅದೇ ಡ್ಯಾಂಪಿಂಗ್. ಅದಿಲ್ಲದಿದ್ದರೆ ಗುಂಡಿಗೆ ಬಿದ್ದ ಚಕ್ರ ನಿಮ್ಮನ್ನು ಮೇಲಕ್ಕೆ ಎಸೆಯುತ್ತದೆ. ಪೆಡಲ್ ತುಳಿದಾಗಲೆಲ್ಲ ಸೈಕಲ್ ಕುಪ್ಪಳಿಸುತ್ತದೆ. ಮೇಲೆ ಕಬ್ಬಿಣದ ಫ್ರೇಮಿನ ಭಾರ ಬೇರೆ. ಅದೇ ದುಡ್ಡಿಗೆ ಶಾಕ್ಸೇ ಇಲ್ಲದ ಗಟ್ಟಿ ಸೈಕಲ್ ತೆಗೆದುಕೊಂಡರೆ ಅದು ಇದಕ್ಕಿಂತ ಎಷ್ಟೋ ಚೆನ್ನಾಗಿ ಓಡುತ್ತದೆ.

ನಿಜವಾದ ಟ್ರೇಲ್ ಬೈಕ್, ಅಂದರೆ ಹತ್ತಲೂ ಇಳಿಯಲೂ ಆಗುವ ಫುಲ್ ಸಸ್ಪೆನ್ಷನ್, ಹೊಸದು ಬೇಕೆಂದರೆ ಎರಡು ಲಕ್ಷದ ಆಸುಪಾಸಿನ ಲೆಕ್ಕ ಇಟ್ಟುಕೊಳ್ಳಿ. ಅಷ್ಟಿಲ್ಲ ಅಂದರೆ ಒಂದು ಲಕ್ಷದೊಳಗಿನ ಒಳ್ಳೆ ಹಾರ್ಡ್‌ಟೇಲ್, ಇಲ್ಲವಾದರೆ ಸೆಕೆಂಡ್ ಹ್ಯಾಂಡ್ ಫುಲ್ ಸಸ್ಪೆನ್ಷನ್. ನಡುವೆ ಬೇರೆ ದಾರಿ ಇಲ್ಲ.

ಟ್ರಾವೆಲ್ ಎಷ್ಟಿರಬೇಕು? 120, 140, 160… ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಟ್ರಾವೆಲ್ ಅಂದರೆ ಚಕ್ರ ಎಷ್ಟು ಮಿಲಿಮೀಟರ್ ಮೇಲೆ ಕೆಳಗೆ ಆಡಬಲ್ಲದು ಅನ್ನುವ ಲೆಕ್ಕ. ಕ್ರಾಸ್ ಕಂಟ್ರಿ ಬೈಕುಗಳಲ್ಲಿ 100ರಿಂದ 120. ಟ್ರೇಲ್ ಬೈಕುಗಳಲ್ಲಿ ಹಿಂದೆ ಸುಮಾರು 120ರಿಂದ 150. ಎಂಡ್ಯೂರೋ ಅಂತ ಕರೆಯುವವು 150ರಿಂದ 180. ಡೌನ್‌ಹಿಲ್ ಬೈಕಿನಲ್ಲಿ 200.

ಯೂಟ್ಯೂಬಲ್ಲಿ ನೋಡುವ ವಿಡಿಯೋಗಳೆಲ್ಲ ಕೆನಡಾದ ವಿಸ್ಲರ್‌ನದ್ದು, ಯುರೋಪಿನ ಆಲ್ಪ್ಸ್‌ನದ್ದು. ಅಲ್ಲಿ ಲಿಫ್ಟ್ ಹತ್ತಿಸಿ ಬೆಟ್ಟದ ತುದಿಗೆ ಬಿಡುತ್ತದೆ, ಸವಾರ ಇಳಿದರೆ ಸಾಕು. ನಮ್ಮಲ್ಲಿ ಲಿಫ್ಟ್ ಇಲ್ಲ. ಇಳಿಯುವ ಪ್ರತಿ ಅಡಿಯನ್ನೂ ಮೊದಲು ನಿಮ್ಮ ಕಾಲೇ ಹತ್ತಬೇಕು, ಅದೂ ಮಾರ್ಚ್ ಬಿಸಿಲಲ್ಲಿ. 170 ಮಿಲಿಮೀಟರ್ ಬೈಕನ್ನು ಸಪಾಟು ಮಣ್ಣು ದಾರಿಯಲ್ಲಿ 15 ಕಿಲೋಮೀಟರ್ ತುಳಿದು ಬೆಟ್ಟದ ಬುಡಕ್ಕೆ ಹೋಗುವ ಹೊತ್ತಿಗೆ ಇಳಿಯುವ ಆಸೆಯೇ ಸತ್ತುಹೋಗಿರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಹಿಂದೆ 130, ಮುಂದೆ 140. ಹತ್ತು ಮಿಲಿಮೀಟರ್ ಆಚೀಚೆ ಆದರೂ ಪರವಾಗಿಲ್ಲ. ಚಿಕ್ಕಮಗಳೂರು, ಕೊಡಗಿನ ಕಡಿದಾದ ಇಳಿಜಾರುಗಳೇ ನಿಮ್ಮ ಮನೆಯ ಹಿತ್ತಲು ಅನ್ನುವುದಾದರೆ 150ರವರೆಗೆ ಹೋಗಿ. ಚಿತ್ರದುರ್ಗ, ಗದಗ, ತುಮಕೂರಿನ ಕಡೆ ಓಡಿಸುವವರಿಗೆ 120 ಧಾರಾಳ. ಗದಗದಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ಪೇ ನಡೆದಿದೆ, ಆ ಕಡೆಯ ಗುಡ್ಡಗಳನ್ನು ಕಡಿಮೆ ಅಂದುಕೊಳ್ಳಬೇಡಿ. ಆದರೂ ಅಲ್ಲಿ ಗೆಲ್ಲುವುದು ಹಗುರ ಬೈಕು.

29 ಇಂಚಾ, 27.5 ಇಂಚಾ?

29. ದೊಡ್ಡ ಚಕ್ರ ಕಲ್ಲು ಗುಂಡಿಗಳ ಮೇಲೆ ಸುಲಭವಾಗಿ ಉರುಳುತ್ತದೆ, ಈಗ ಟಯರ್, ರಿಮ್ ಎಲ್ಲ ಜಾಸ್ತಿ ಸಿಗುವುದೂ ಅದರಲ್ಲೇ. ಎತ್ತರ ಐದು ಅಡಿ ಎರಡು ಇಂಚಿಗಿಂತ ಕಡಿಮೆ ಇದ್ದವರು 27.5 ನೋಡಬಹುದು. ಟ್ರೆಕ್‌ನಂಥ ಕೆಲವು ಕಂಪನಿಗಳು ತೀರಾ ಚಿಕ್ಕ ಸೈಜಿಗೆ ತಾವೇ ಸಣ್ಣ ಚಕ್ರ ಕೊಡುತ್ತವೆ. ಮುಂದೆ 29 ಹಿಂದೆ 27.5 ಇರುವ ಮಲೆಟ್ ಅನ್ನುವುದೂ ಇದೆ, ಕಡಿದಾದ ಇಳಿಜಾರು ಇಷ್ಟಪಡುವವರಿಗೆ. 26 ಇಂಚಿನದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ, ಒಳ್ಳೆ ಟಯರ್ ಹುಡುಕಿಕೊಂಡೇ ಆಯಸ್ಸು ಮುಗಿಯುತ್ತದೆ.

ಜಿಯಾಮೆಟ್ರಿ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಯಾವುದು ನೋಡಬೇಕು?

ಮೂರು ನೋಡಿ, ಉಳಿದದ್ದು ಬಿಡಿ.

ಮೊದಲು ರೀಚ್. ಎದ್ದು ನಿಂತು ಓಡಿಸುವಾಗ ಬೈಕ್ ನಿಮಗೆ ಎಷ್ಟು ಉದ್ದ ಅನ್ನಿಸುತ್ತದೆ ಅನ್ನುವುದನ್ನು ಇದು ಹೇಳುತ್ತದೆ. ಅಂಗಡಿಯವರು ಇನ್ನೂ 17 ಇಂಚು, 18 ಇಂಚು ಅಂತ ಸೀಟ್ ಟ್ಯೂಬಿನ ಅಳತೆ ಹೇಳುತ್ತಾರೆ, ಅದು ಈಗ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್‌ನಷ್ಟು ಉದ್ದ ಇರಬಹುದು. ಐದು ಅಡಿ ಏಳು ಇಂಚಿನ ಆಸುಪಾಸಿನವರಿಗೆ 445ರಿಂದ 460 ಮಿಲಿಮೀಟರ್ ರೀಚ್ ಸಾಮಾನ್ಯವಾಗಿ ಹೊಂದುತ್ತದೆ. ಎರಡು ಸೈಜ್ ನಡುವೆ ಸಿಕ್ಕಿಕೊಂಡರೆ, ತಿರುವು ಮುರುವಿನ ಕಾಡುದಾರಿಗೆ ಚಿಕ್ಕದು ತಗೊಳ್ಳಿ.

ಎರಡನೆಯದು ಹೆಡ್ ಆಂಗಲ್, ಅಂದರೆ ಫೋರ್ಕ್ ಮುಂದಕ್ಕೆ ಎಷ್ಟು ಬಾಗಿದೆ ಅನ್ನುವುದು. 65ರಿಂದ 66 ಡಿಗ್ರಿ ಎಲ್ಲದಕ್ಕೂ ಸರಿ. 63 ಅಂದರೆ ಇಳಿಯಲು ಚೆನ್ನ, ನಿಧಾನಕ್ಕೆ ಹತ್ತುವಾಗ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. 68, 69 ಇದ್ದರೆ ಅದು ಹಳೆ ಕಾಲದ ವಿನ್ಯಾಸ, ಕಡಿದಾದಲ್ಲಿ ಹ್ಯಾಂಡಲ್ ಮೇಲಿಂದ ಮಗುಚುವ ಭಯ ಬಿಡುವುದಿಲ್ಲ.

ಮೂರನೆಯದು ಸೀಟ್ ಆಂಗಲ್. ಇದು 76 ಡಿಗ್ರಿಯ ಮೇಲಿದ್ದರೆ ಹತ್ತುವಾಗ ನಿಮ್ಮ ಭಾರ ಪೆಡಲ್ ಮೇಲೆಯೇ ಇರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹತ್ತುವುದೇ ಜಾಸ್ತಿ ಇರುವ ನಮಗೆ ಇದು ಜನ ಅಂದುಕೊಂಡದ್ದಕ್ಕಿಂತ ಮುಖ್ಯ.

ಫೋರ್ ಬಾರ್, ವಿಪಿಪಿ, ಡಿಡಬ್ಲ್ಯೂ ಲಿಂಕ್, ಮಾಸ್ಟ್ರೋ… ಯಾವುದು ಒಳ್ಳೆಯದು?

ಹಿಂದಿನ ಚಕ್ರವನ್ನು ಫ್ರೇಮಿಗೆ ಕೂಡಿಸುವ ಕೀಲುಗಳ ಜೋಡಣೆಗೆ ಇಟ್ಟ ಹೆಸರುಗಳು ಇವು. ವಿಪಿಪಿ ಅಂದರೆ ಸಾಂಟಾ ಕ್ರೂಜ್, ಮಾಸ್ಟ್ರೋ ಅಂದರೆ ಜೈಂಟ್. ಹಾರ್ಸ್ಟ್ ಲಿಂಕ್ ಅನ್ನುವ ಫೋರ್ ಬಾರ್ ಜೋಡಣೆಯ ಅಮೆರಿಕದ ಪೇಟೆಂಟ್ ಬಹಳ ವರ್ಷ ಸ್ಪೆಷಲೈಸ್ಡ್ ಕೈಯಲ್ಲಿತ್ತು, ಅವಧಿ ಮುಗಿದದ್ದೇ ತಡ ಎಲ್ಲರೂ ಅದನ್ನು ಹಾಕತೊಡಗಿದರು. ಈಗ ಹೆಸರುವಾಸಿ ಕಂಪನಿಗಳಲ್ಲಿ ತೀರಾ ಕೆಟ್ಟ ಜೋಡಣೆ ಅಂತ ಒಂದೂ ಉಳಿದಿಲ್ಲ. ಇದರ ಮೇಲೆ ರಾತ್ರಿಯೆಲ್ಲಾ ವಾದ ಮಾಡುವವರಿದ್ದಾರೆ, ಮಾಡಲಿ ಬಿಡಿ. ನೀವು ಕೇಳಬೇಕಾದ್ದು ಬೇರೆ: ಕೀಲುಗಳಲ್ಲಿ ಎಷ್ಟು ಬೇರಿಂಗ್ ಇವೆ, ಅವು ಸಾಮಾನ್ಯ ಅಳತೆಯವಾ, ಸವೆದರೆ ಇಲ್ಲೇ ಸಿಗುತ್ತವಾ? ಸಾಮಾನ್ಯ ಅಳತೆಯದಾದರೆ ಬೇರಿಂಗ್ ಅಂಗಡಿಯಲ್ಲೇ ನಂಬರ್ ತೋರಿಸಿ ತರಬಹುದು.

ಏರ್ ಶಾಕಾ, ಕಾಯಿಲಾ?

ಏರ್. ತೂಕ ಕಡಿಮೆ, ನಿಮ್ಮ ಭಾರಕ್ಕೆ ತಕ್ಕಂತೆ ಗಾಳಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಕಾಯಿಲ್ ಹಾಕಿದರೆ ಸವಾರನ ತೂಕಕ್ಕೆ ಸರಿಯಾದ ಸ್ಪ್ರಿಂಗ್ ಬೇರೆ ತರಿಸಬೇಕು. ಮೊದಲ ಫುಲ್ ಸಸ್ಪೆನ್ಷನ್ನಿಗೆ ಆ ತಲೆನೋವು ಯಾಕೆ?

ಸ್ಯಾಗ್ ಅಂದರೇನು? ಹೇಗೆ ಹೊಂದಿಸುವುದು?

ಇದೊಂದನ್ನು ಕಲಿಯದೆ ಮೂರು ಲಕ್ಷದ ಬೈಕ್ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಅಂಗಡಿಯಿಂದ ಬಂದ ಗಾಳಿಯಲ್ಲೇ ವರ್ಷಗಟ್ಟಲೆ ಓಡಿಸಿ ಬೈಕೇ ಸರಿ ಇಲ್ಲ ಅನ್ನುತ್ತಾರೆ.

ನೀವು ಸುಮ್ಮನೆ ಮೇಲೆ ಕೂತಾಗಲೇ ಶಾಕ್ ಸ್ವಲ್ಪ ಕುಸಿಯಬೇಕು, ಅದೇ ಸ್ಯಾಗ್. ಹಾಗೆ ಕುಸಿದಿದ್ದರೆ ತಾನೇ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಮುಟ್ಟಲು ಸಾಧ್ಯ! ಹಿಂದೆ 25ರಿಂದ 30 ಶೇಕಡಾ, ಮುಂದೆ 15ರಿಂದ 20 ಶೇಕಡಾ ಇಟ್ಟುಕೊಂಡು ಶುರು ಮಾಡಿ. ಹಿಂದಿನದ್ದನ್ನು ಅಳೆಯುವಾಗ ಜನ ಎಡವುವುದು ಒಂದು ಕಡೆ. ಚಕ್ರ 130 ಮಿಲಿಮೀಟರ್ ಆಡಿದರೂ ಶಾಕಿನ ಕಡ್ಡಿ ಅಷ್ಟು ಆಡುವುದಿಲ್ಲ, ಹಿಂದಿನ ಕೀಲುಗಳ ಜೋಡಣೆ ಅದನ್ನು ಇಳಿಸುತ್ತದೆ. ಶಾಕಿನ ಸ್ಟ್ರೋಕ್, ಅಂದರೆ ಆ ಕಡ್ಡಿ ಆಡುವ ದೂರ, 50 ಮಿಲಿಮೀಟರ್ ಇದೆ ಅಂದುಕೊಳ್ಳಿ, ಅದರ 30 ಶೇಕಡಾ ಅಂದರೆ 15 ಮಿಲಿಮೀಟರ್. ಅಳೆಯಬೇಕಾದ್ದು ಆ 15ನ್ನು.

ಓಡಿಸುವಾಗ ಹಾಕುವ ಬಟ್ಟೆ, ಶೂ, ಹೆಲ್ಮೆಟ್, ನೀರಿನ ಬ್ಯಾಗ್ ಎಲ್ಲ ಹಾಕಿಕೊಳ್ಳಿ. ಶಾಕಿನ ಲಾಕ್ ಲಿವರ್ ಬಿಚ್ಚಿರಲಿ. ಗೋಡೆಗೆ ಮೊಣಕೈ ಆನಿಸಿ ಮೇಲೆ ಕೂತು, ಕಡ್ಡಿಯ ಮೇಲಿರುವ ರಬ್ಬರ್ ಉಂಗುರವನ್ನು ಶಾಕಿನ ಮೈಗೆ ಒತ್ತಿ, ಕುಲುಕದೆ ಇಳಿಯಿರಿ. ಉಂಗುರ ಎಷ್ಟು ದೂರ ಸರಿದಿದೆಯೋ ಅದೇ ನಿಮ್ಮ ಸ್ಯಾಗ್. ಜಾಸ್ತಿ ಇದ್ದರೆ ಗಾಳಿ ತುಂಬಿ, ಕಡಿಮೆ ಇದ್ದರೆ ಬಿಡಿ. ಇದಕ್ಕೆ ಶಾಕ್ ಪಂಪ್ ಅಂತ ಬೇರೆಯೇ ಪಂಪ್ ಬೇಕು. ಶಾಕಿಗೆ 200 ಪಿಎಸ್‌ಐ, ಅದಕ್ಕೂ ಮೇಲೆ ಬೇಕಾಗಬಹುದು, ಪೆಟ್ರೋಲ್ ಬಂಕಿನ ಗಾಳಿ ಅದಕ್ಕೆ ಸಾಲುವುದಿಲ್ಲ, ಮುಟ್ಟಿಸಲೂ ಬೇಡಿ.

ಆಮೇಲೆ ರಿಬೌಂಡ್, ಅಂದರೆ ಒತ್ತಿಕೊಂಡ ಶಾಕ್ ವಾಪಸ್ ಬರುವ ವೇಗ. ಅದರದ್ದು ಸಾಮಾನ್ಯವಾಗಿ ಕೆಂಪು ತಿರುಗಣೆ. ಫುಟ್‌ಪಾತಿನ ಅಂಚಿಂದ ಕೂತಂತೆಯೇ ಇಳಿಸಿ ನೋಡಿ. ಹಿಂಭಾಗ ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ರಿಬೌಂಡ್ ನಿಧಾನ ಮಾಡಿ. ಎದ್ದೇಳಲು ಸೋಮಾರಿತನ ಮಾಡಿದರೆ ವೇಗ ಕೊಡಿ.

ಕಾರ್ಬನ್ ತಗೊಳ್ಳಲಾ?

ಅಲ್ಯೂಮಿನಿಯಂ ಸಾಕು. ಅಲ್ಯೂಮಿನಿಯಂ ಟ್ರೇಲ್ ಬೈಕ್ ಸುಮಾರು 14ರಿಂದ 15.5 ಕೆಜಿ ತೂಗುತ್ತದೆ. ಕಾರ್ಬನ್ ಫ್ರೇಮ್ ಅದರಲ್ಲಿ ಸುಮಾರು ಒಂದು ಕೆಜಿ ಇಳಿಸಬಹುದು, ಬೆಲೆ ಮಾತ್ರ ಲಕ್ಷದ ಲೆಕ್ಕದಲ್ಲಿ ಏರುತ್ತದೆ. ಅದೇ ದುಡ್ಡಲ್ಲಿ ಅಲ್ಯೂಮಿನಿಯಂ ಫ್ರೇಮಿಗೆ ಒಳ್ಳೆ ಫೋರ್ಕ್, ಒಳ್ಳೆ ಬ್ರೇಕ್ ಬರುತ್ತದೆ, ಇಳಿಯುವಾಗ ನಿಮ್ಮನ್ನು ಕಾಪಾಡುವುದು ಅವೇ.

ಗೇರು, ಬ್ರೇಕು, ಡ್ರಾಪರ್ ವಿಷಯದಲ್ಲಿ ಏನು ನೋಡಬೇಕು?

ಗೇರಿನ ಬಗ್ಗೆ ಜಾಸ್ತಿ ಯೋಚಿಸಬೇಡಿ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 12, ದೊಡ್ಡದು 51 ಅಥವಾ 52 ಹಲ್ಲಿನದ್ದು. ಶಿಮಾನೊ ಡಿಯೋರ್ ಮಟ್ಟದ್ದಿದ್ದರೆ ಸಾಕೇ ಸಾಕು. ಅದಕ್ಕಿಂತ ಮೇಲಿನವು ಹಗುರ, ಅಷ್ಟೇ.

ಬ್ರೇಕಿನಲ್ಲಿ ಮಾತ್ರ ಜಿಪುಣತನ ಬೇಡ. ಹೈಡ್ರಾಲಿಕ್ ಡಿಸ್ಕ್, ಮುಂದಿನ ರೋಟರ್ (ಡಿಸ್ಕಿನ ತಟ್ಟೆ) ಕನಿಷ್ಠ 180 ಮಿಲಿಮೀಟರ್, ನಾಲ್ಕು ಪಿಸ್ಟನ್ ಇದ್ದರೆ ಇನ್ನೂ ಒಳ್ಳೆಯದು. ಅದರೊಳಗಿನ ಎಣ್ಣೆ ಯಾವುದು ಅಂತಲೂ ತಿಳಿದುಕೊಳ್ಳಿ. ಶಿಮಾನೊದಲ್ಲಿ ಮಿನರಲ್ ಆಯಿಲ್. ಸ್ರ್ಯಾಮ್‌ನ ಹಲವು ಬ್ರೇಕುಗಳಲ್ಲಿ ಡಾಟ್ ಫ್ಲೂಯಿಡ್, ಕೆಲವು ಹೊಸವುಗಳಲ್ಲಿ ಮಿನರಲ್. ಒಂದಕ್ಕೆ ಇನ್ನೊಂದು ಹಾಕಿದರೆ ಒಳಗಿನ ಸೀಲ್ ಹಾಳು. ಡಾಟ್ ಫ್ಲೂಯಿಡ್ ಮೋಟರ್‌ಬೈಕ್ ಸ್ಪೇರ್ ಅಂಗಡಿಯಲ್ಲಿ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಸಿಗುತ್ತದೆ, ಮಿನರಲ್ ಆಯಿಲನ್ನು ಚಿಕ್ಕ ಊರಿನವರು ತರಿಸಿಯೇ ಇಟ್ಟುಕೊಳ್ಳಬೇಕು.

ಇನ್ನೊಂದು. ನಮ್ಮ ಮೋಟರ್‌ಬೈಕುಗಳಲ್ಲಿ ಮುಂದಿನ ಬ್ರೇಕ್ ಬಲಗೈಗೆ. ಅಮೆರಿಕದ ರೀತಿ ಜೋಡಿಸಿದ ಎಂಟಿಬಿಯಲ್ಲಿ ಅದು ಎಡಗೈಗೆ ಇರುತ್ತದೆ. ಗಾಬರಿಯಲ್ಲಿ ತಪ್ಪು ಕೈ ಒತ್ತಿದರೆ ಮುಖ ಅಡಿಯಾಗಿ ಬೀಳುತ್ತೀರಿ. ಕೊಳ್ಳುವ ದಿನವೇ ಹೋಸ್ ಅದಲು ಬದಲು ಮಾಡಿಸಿಕೊಳ್ಳಿ.

ಡ್ರಾಪರ್ ಪೋಸ್ಟ್ ಇಲ್ಲದ ಟ್ರೇಲ್ ಬೈಕ್ ಬೇಡವೇ ಬೇಡ. ಬೆರಳಲ್ಲಿ ಒತ್ತಿದರೆ ಸೀಟ್ ಕೆಳಗಿಳಿಯುತ್ತದೆ, ಇಳಿಜಾರಲ್ಲಿ ಮೈ ಆಡಿಸಲು ಜಾಗ ಸಿಗುತ್ತದೆ. 150 ಮಿಲಿಮೀಟರ್ ಇಳಿದರೆ ಮೀಡಿಯಂ ಸೈಜಿಗೆ ಚೆನ್ನಾಗಿರುತ್ತದೆ.

ನಮ್ಮ ಕಡೆ ಮುಳ್ಳು ವಿಪರೀತ. ಟಯರ್ ಯಾವುದು?

ಬಳ್ಳಾರಿ ಜಾಲಿ, ನೆಗ್ಗಿಲು ಮುಳ್ಳು ಇರುವ ಕಡೆ ಟ್ಯೂಬ್ ಹಾಕಿ ಓಡಿಸುವುದೆಂದರೆ ದಾರಿಯುದ್ದಕ್ಕೂ ಪಂಕ್ಚರ್ ಹಾಕುತ್ತಾ ಕೂರುವುದು. ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್ ಹಾಕಿ. ಮುಳ್ಳು ಚುಚ್ಚಿದ ತೂತನ್ನು ಅದೇ ಮುಚ್ಚುತ್ತದೆ. ನಮ್ಮ ಸೆಕೆಗೆ ಸೀಲೆಂಟ್ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ತುಂಬಬೇಕು. ಒಂದು ಟ್ಯೂಬ್, ಟ್ಯೂಬ್‌ಲೆಸ್ ಪ್ಲಗ್ ಬ್ಯಾಗಲ್ಲಿ ಇರಲಿ.

ಅಗಲ 2.4 ಇಂಚು. 70 ಕೆಜಿಯ ಸವಾರನಿಗೆ ಟ್ಯೂಬ್‌ಲೆಸ್‌ನಲ್ಲಿ ಮುಂದೆ 20ರಿಂದ 23, ಹಿಂದೆ 23ರಿಂದ 26 ಪಿಎಸ್‌ಐ ಸುಮಾರಾಗಿ ಸರಿ. 40 ತುಂಬಿಸಿ ಕಲ್ಲಂತೆ ಮಾಡಿಕೊಂಡರೆ ಎಷ್ಟು ಒಳ್ಳೆ ಶಾಕ್ ಇದ್ದೂ ಪ್ರಯೋಜನವಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಏನು ಪರೀಕ್ಷೆ ಮಾಡಬೇಕು?

ಸೀಟ್ ಹಿಡಿದು ಬೈಕಿನ ಹಿಂಭಾಗವನ್ನು ಮೆಲ್ಲಗೆ ಎತ್ತಿ. ಚಕ್ರ ನೆಲ ಬಿಡುವ ಮುಂಚೆ ಎಲ್ಲೋ ಟಕ್ ಅಂದರೆ ಕೀಲಿನ ಬೇರಿಂಗೋ ಶಾಕಿನ ಬುಶ್ಶೋ ಸವೆದಿದೆ. ಸರಿಪಡಿಸಬಹುದಾದ್ದೇ, ಆದರೆ ಬೆಲೆ ಇಳಿಸಲು ಕಾರಣ ಸಿಕ್ಕಿತಲ್ಲ. ಫೋರ್ಕಿನ ಹೊಳೆಯುವ ಕೊಳವೆಗಳ ಮೇಲೆ ಉಗುರು ಎಳೆಯಿರಿ, ಉಗುರು ಸಿಕ್ಕುವಂಥ ಗೀರಿದ್ದರೆ ಎಣ್ಣೆ ಸೋರುತ್ತದೆ. ಬೆಸುಗೆಗಳ ಸುತ್ತ, ಪೆಡಲ್ ಆಕ್ಸಲಿನ ಹತ್ತಿರ, ಚೈನ್‌ಸ್ಟೇ (ಚೈನ್ ಪಕ್ಕ ಹಿಂದಿನ ಚಕ್ರದವರೆಗೆ ಹೋಗುವ ಕೊಳವೆ) ಕೆಳಗೆ ಟಾರ್ಚ್ ಬಿಟ್ಟು ಬಿರುಕು ಹುಡುಕಿ. ಬಿರುಕು ಕಂಡರೆ ಒಂದು ರೂಪಾಯಿಗೂ ಬೇಡ. ಡ್ರಾಪರ್ ಮೇಲೆ ಕೂತು ನೋಡಿ, ತಾನಾಗಿ ಇಳಿಯಬಾರದು.

ಹಿಂದಿನ ಆಕ್ಸಲ್ ಬೂಸ್ಟ್ ಅನ್ನುವ 148 ಮಿಲಿಮೀಟರ್ ಅಳತೆಯದ್ದಿದ್ದರೆ ಚಕ್ರ ಬದಲಾಯಿಸುವುದು ಸುಲಭ. 2019ರಲ್ಲಿ ಸ್ರ್ಯಾಮ್ ತಂದ ಯುಡಿಎಚ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಕೂಡಿಸುವ ಕೊಂಡಿ) ಇದ್ದರೆ ಇನ್ನೂ ನೆಮ್ಮದಿ, ಬಿದ್ದಾಗ ಮೊದಲು ಬಾಗುವುದು ಅದೇ, ಬೇರೆ ಬೇರೆ ಕಂಪನಿಗಳ ಬೈಕಿಗೂ ಅದೊಂದೇ. ಒರಿಜಿನಲ್ ಬಿಲ್ ಕೇಳಿ, ಫ್ರೇಮ್ ನಂಬರ್ ಹೋಲಿಸಿ. ಬಿಲ್ ಇಲ್ಲ ಅಂದರೆ ಎದ್ದು ಬನ್ನಿ.

ಅಮೆರಿಕದಲ್ಲಿರುವ ಅಣ್ಣ ಬರುವಾಗ ತರುತ್ತಾನಂತೆ. ತರಿಸಲಾ?

ಅಲ್ಲಿ ಸೀಸನ್ ಮುಗಿಯುವಾಗ ಬೆಲೆ ಚೆನ್ನಾಗಿ ಇಳಿಯುತ್ತದೆ, ನಿಜ. ಆದರೆ ಏರ್‌ಲೈನ್ಸ್ ಲಗೇಜ್ ಚಾರ್ಜ್, ಇಲ್ಲಿ ಇಳಿದಾಗ ಕಸ್ಟಮ್ಸ್ ಸುಂಕ ಎರಡನ್ನೂ ಕೂಡಿಸಿ ನೋಡಿ. ಮುಖ್ಯವಾಗಿ ವಾರಂಟಿ. ಅದು ಸಾಮಾನ್ಯವಾಗಿ ಮೊದಲು ಕೊಂಡವರ ಹೆಸರಲ್ಲಿ, ಕೊಂಡ ಅಂಗಡಿಯ ಮೂಲಕವೇ ಸಿಗುವುದು. ಫ್ರೇಮ್ ಸೀಳಿದರೆ ಅಣ್ಣನಿಗೇ ವಾಪಸ್ ಕಳಿಸಬೇಕಾಗುತ್ತದೆ. ಅದರ ಬದಲು ಶಾಕ್ ಪಂಪ್, ಸೀಲ್ ಕಿಟ್, ಬ್ರೇಕ್ ಪ್ಯಾಡ್, ಹ್ಯಾಂಗರ್ ತರಿಸಿಕೊಳ್ಳಿ. ಅಣ್ಣನ ಸೂಟ್‌ಕೇಸಿಗೂ ಭಾರವಿಲ್ಲ.

ಸರ್ವೀಸ್ ಎಷ್ಟು ದಿನಕ್ಕೊಮ್ಮೆ? ನಮ್ಮೂರಲ್ಲಿ ಮಾಡುವವರೇ ಇಲ್ಲ.

ಬೈಕ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಫೋರ್ಕ್, ಶಾಕ್ ಎರಡಕ್ಕೂ ಸಾಮಾನ್ಯವಾಗಿ 50 ಗಂಟೆ ಓಡಿದ ಮೇಲೆ ಸಣ್ಣ ಸರ್ವೀಸ್, 100ರಿಂದ 200 ಗಂಟೆಗೆ ಪೂರ್ತಿ ಬಿಚ್ಚಿ ಸರ್ವೀಸ್. ಸಣ್ಣದ್ದನ್ನು, ಅಂದರೆ ಫೋರ್ಕಿನ ಕೆಳಭಾಗ ಬಿಚ್ಚಿ ಒರೆಸಿ ಎಣ್ಣೆ ಬದಲಿಸುವುದನ್ನು, ಕಂಪನಿಗಳೇ ಹಾಕಿರುವ ವಿಡಿಯೋ ನೋಡಿ ಮನೆಯಲ್ಲೇ ಕಲಿಯಬಹುದು. ಡ್ಯಾಂಪರ್ ಬಿಚ್ಚುವ ಕೆಲಸ ಬೇಡ, ಅದಕ್ಕೆ ಬೇರೆ ಸಲಕರಣೆ ಬೇಕು.

ಕೊಳ್ಳುವ ಮುಂಚೆ ಅಂಗಡಿಯವರನ್ನು ನೇರವಾಗಿ ಕೇಳಿ: ಈ ಶಾಕ್ ನೀವೇ ಬಿಚ್ಚುತ್ತೀರಾ, ಹೊರಗೆ ಕಳಿಸುತ್ತೀರಾ? ಸೀಲ್ ಕಿಟ್ ಸ್ಟಾಕ್ ಇದೆಯಾ? ಎಷ್ಟು ದಿನ ಹಿಡಿಯುತ್ತದೆ? ಉತ್ತರ ತಡವರಿಸಿದರೆ ಬೈಕ್ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ. ಫಾಕ್ಸ್ ಅಥವಾ ರಾಕ್‌ಶಾಕ್ಸ್ ಕಂಪನಿಯ ಶಾಕ್ ಇರುವ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುವ ಅಂಗಡಿಯ ಎರಡನೇ ದರ್ಜೆಯ ಬೈಕ್, ಯಾರಿಗೂ ಬಿಚ್ಚಲು ಬಾರದ ಶಾಕ್ ಇರುವ ಮೊದಲ ದರ್ಜೆಯ ಬೈಕಿಗಿಂತ ವಾಸಿ. ಬೈಕ್ ಓಡುವುದಕ್ಕೆ ತಾನೇ ಕೊಳ್ಳುವುದು.

ಮಳೆಗಾಲದಲ್ಲಿ ಮಲೆನಾಡಿನಲ್ಲಿ ಓಡಿಸಬಹುದಾ?

ಓಡಿಸಬಹುದು. ಬೈಕಿಗಿಂತ ನಿಮಗೇ ಕಷ್ಟ, ಇಂಬಳ ಕಾಲು ಹುಡುಕಿಕೊಂಡು ಬರುತ್ತದೆ. ಕೆಂಪು ಮಣ್ಣು ಟಯರಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಚಕ್ರ ನಿಲ್ಲಿಸುವುದುಂಟು. ಹಾಗಾಗಿ ಹಿಂದೆ 2.6 ಇಂಚಿನ ದಪ್ಪ ಟಯರ್ ತುರುಕಬೇಡಿ. ಮನೆಗೆ ಬಂದ ಮೇಲೆ ಬಕೆಟ್ ನೀರು, ಬ್ರಶ್ ಸಾಕು. ವಾಟರ್ ಸರ್ವೀಸ್ ಸ್ಟೇಷನ್ನಿನ ಪ್ರೆಶರ್ ನೀರು ಕೀಲಿನ ಬೇರಿಂಗಿಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತದೆ.

ಎಲ್ಲಿ ಬೇಕಾದರೂ ಓಡಿಸಬಹುದಾ?

ಇಲ್ಲ. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಫಿ ತೋಟಕ್ಕೆ ಮಾಲೀಕರದ್ದು. ಸಕಲೇಶಪುರ, ಕೊಡಗಿನ ತೋಟಗಳ ಕಡೆ ಆನೆ ಓಡಾಟ ಇದೆ. ಬೆಳಗಿನ ಜಾವ, ಸಂಜೆ ಮಬ್ಬಿನಲ್ಲಿ ಹೋಗಬೇಡಿ, ಊರವರನ್ನು ಕೇಳದೆ ಅಂತೂ ಬೇಡವೇ ಬೇಡ. ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ ತಿರುವಿನಲ್ಲಿ ಆನೆ ಎದುರಿಗೆ ನಿಂತರೆ ಯಾವ ಬ್ರೇಕೂ ಸಾಲದು.

ಬೈಕ್ ಬಿಟ್ಟು ಇನ್ನೇನು ಖರ್ಚು ಬರುತ್ತದೆ?

ಪೆಡಲ್! ಈ ಬೆಲೆಯ ಬಹಳಷ್ಟು ಬೈಕುಗಳು ಪೆಡಲ್ ಇಲ್ಲದೆ ಬರುತ್ತವೆ, ಡೆಲಿವರಿ ದಿನ ಜನ ಕಕ್ಕಾಬಿಕ್ಕಿ. ಚಪ್ಪಟೆ ಪೆಡಲ್, ಅಂಟುವ ಅಡಿಯ ಶೂ, ತಲೆಯ ಹಿಂಭಾಗವನ್ನೂ ಮುಚ್ಚುವ ಹೆಲ್ಮೆಟ್, ಮಂಡಿ ಪ್ಯಾಡ್, ಶಾಕ್ ಪಂಪ್, ಸೀಲೆಂಟ್. ಒಟ್ಟು ಬಜೆಟ್ಟಿನಲ್ಲಿ ಹತ್ತರಲ್ಲಿ ಒಂದು ಪಾಲು ಇದಕ್ಕೆ ಎತ್ತಿಡಿ.

ಹಳೆ ಹಾರ್ಡ್‌ಟೇಲ್ ಮಾರಿಬಿಡಲಾ?

ಜಾಗ ಇದ್ದರೆ ಇಟ್ಟುಕೊಳ್ಳಿ. ಫುಲ್ ಸಸ್ಪೆನ್ಷನ್ ಸರ್ವೀಸಿಗೆ ಹೋದ ವಾರ ಓಡಿಸಲು ಒಂದು ಬೇಕು, ಹಾಲು ತರಲು ಮೂರು ಲಕ್ಷದ ಬೈಕ್ ಅಂಗಡಿ ಮುಂದೆ ನಿಲ್ಲಿಸುವುದಕ್ಕೂ ಆಗುವುದಿಲ್ಲ.